ಸೋನಾಬಾಯಿ ಬಿಟ್ಟ ಬೆಲ್ಲ

ಸೋನಾಬಾಯಿಗೆ ಅವತ್ತು ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆಳಗಿನಿಂದ ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮತ್ತೆ ಪಡಸಾಲೆಗೆ ಎಷ್ಟು ಸಲ ತಿರುಗಿದಳೋ ಅವಳಿಗೇ ಗೊತ್ತಿಲ್ಲ. ಬೇರೆ ದಿನವಾಗಿದ್ದರೆ ಎಪ್ಪತ್ತೊಂದು ವರ್ಷದ ಮೊಣಕಾಲು ಹತ್ತು ಹೆಜ್ಜೆಗೇ ತಕರಾರು ತೆಗೆಯುತ್ತಿದ್ದವು. ಅವತ್ತು ಅವೂ ಸುಮ್ಮನಿದ್ದವು.

"ಅತ್ತಿ, ಏನಾಗೇತ್ರಿ ನಿಮಗ? ಒಂದ ಕಡೆ ಕೂಡ್ರಿ. ನಿಮ್ಮನ್ನ ನೋಡಿ ನನಗ ತಲಿ ತಿರಗಾಕತ್ತೈತಿ," ಎಂದು ಸೊಸೆ ಪದ್ಮಜಾ ಪೂಜೆಯ ತಟ್ಟೆ ಹಿಡಿದು ಬಸದಿಗೆ ಹೊರಟಳು. ಮಗ ಶ್ರೀಪಾಲ ಅದಕ್ಕೂ ಮೊದಲೇ ನಿಪ್ಪಾಣಿಗೆ ಹೋಗಿದ್ದ. ಮರುದಿನ ಬೆಳಿಗ್ಗೆ ಮನೆಯಲ್ಲಿ ಪಾರಣೆ. ಅವನ ಮಗಳು ಪ್ರಾಜಕ್ತಾ ಮೂರು ದಿನದ ಉಪವಾಸ ಮುಗಿಸುವವಳಿದ್ದಳು. ನೂರು ಜನರ ಊಟಕ್ಕೆ ಸಾಮಾನು ಬೇಕಿತ್ತು, ವಾಜಂತ್ರಿಯವರಿಗೆ ಹೇಳಬೇಕಿತ್ತು.

ಮುದುಕಿಯ ಕಾಲಿಗೆ ಚಕ್ರ ಕಟ್ಟಿದ್ದು ಆ ಪ್ರಾಜಕ್ತಾಳೇ. ನಸುಕಿನಲ್ಲಿ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದಳು. ಹದಿನೇಳರ ಹುಡುಗಿ, ಪಿಯುಸಿ ಸೈನ್ಸ್ ಓದುವವಳು. ತುಟಿ ಒಣಗಿದ್ದರೂ ಕಣ್ಣು ಹೊಳೆಯುತ್ತಿದ್ದವು. ಅಜ್ಜಿಯ ಕಿವಿಗೆ ಬಾಯಿಟ್ಟು ಹೇಳಿದಳು: "ಆಯಿ, ಯಾರಿಗೂ ಹೇಳಬ್ಯಾಡ. ನಂದೂ ಕರಗಾಕತ್ತೈತಿ. ಜಿನಮತಿ ಆಯೀದು ಕರಗಿತ್ತಲ್ಲ, ಹಂಗ. ಕರೀ ಚಹಾ ಇದ್ದಂಗ ಬಂತು."

ಈ ಮಾತು ಕೇಳಿ ಸೋನಾಬಾಯಿಯ ಜೀವ ಯಾಕೆ ಹಾರಿತು ಎಂಬುದು ತಿಳಿಯಬೇಕಾದರೆ ಆ ಮನೆಯ ಕತೆ ಗೊತ್ತಿರಬೇಕು. ಕತೆ ಹೇಳಿದವಳೂ ಸೋನಾಬಾಯಿಯೇ. ಅರವತ್ತೆರಡು ವರ್ಷ ಹೇಳಿದಳು, ಬೇಸರವಿಲ್ಲದೆ ಹೇಳಿದಳು.

ಜಿನಮತಿ ಅವಳ ಅಕ್ಕ. ಅಥಣಿ ಕಡೆಯ ತವರೂರಿನಲ್ಲಿ ಹದಿನಾರನೇ ವಯಸ್ಸಿಗೆ ಹತ್ತು ದಿನದ ದಶಲಕ್ಷಣ ಪರ್ವದಲ್ಲಿ ಎಂಟು ದಿನದ ಉಪವಾಸ ಹಿಡಿದಳು. ಆರನೇ ದಿನ ಅವಳ ಮೂತ್ರ ಕಪ್ಪಗೆ ಬಂತು. ಏಳನೇ ದಿನ ಸಂಜೆ ತೀರಿಕೊಂಡಳು. ಊರು ಅಳಲಿಲ್ಲ, ಕೈ ಮುಗಿಯಿತು. ಕರ್ಮವೆಂಬುದು ಆತ್ಮಕ್ಕೆ ಅಂಟಿದ ಧೂಳು, ತಪಸ್ಸಿನ ಬೆಂಕಿಗೆ ಅದು ಕರಗಿ ಉದುರುತ್ತದೆ ಎಂದು ಬಸದಿಯಲ್ಲಿ ಎಲ್ಲರೂ ಕೇಳಿದವರೇ. ಆ ಹುಡುಗಿಯದು ಕಣ್ಣಿಗೆ ಕಾಣುವ ಹಾಗೆ ಕರಗಿ ಹೊರಗೆ ಬಿತ್ತು ಎಂದು ಯಾವಳೋ ಮುದುಕಿ ಅಂದಳು. ಅಂದದ್ದೇ ತಡ, ಊರೆಲ್ಲ ಅಂದಿತು. ಬಸದಿಯ ಮೂಲೆಯಲ್ಲಿ ಅವಳ ಹೆಸರಿಗೆ ಒಂದು ಜೊತೆ ಪಾದ ಕೆತ್ತಿಸಿದರು. ಈಗಲೂ ಭಾದ್ರಪದ ಬಂದರೆ ಅದರ ಮೇಲೆ ಅಕ್ಕಿ ಬೀಳುತ್ತದೆ.

ಆಗ ಒಂಬತ್ತು ವರ್ಷದವಳಾಗಿದ್ದ ಸೋನಾಬಾಯಿ ಅಕ್ಕನ ನೆನಪಿಗೆ ಬೆಲ್ಲ ತ್ಯಾಗ ಮಾಡಿದಳು. ಒಬ್ಬರು ಹಸಿರು ತರಕಾರಿ ಬಿಡುತ್ತಾರೆ, ಒಬ್ಬರು ಉಪ್ಪು ಬಿಡುತ್ತಾರೆ. ಆದರೆ ಕಬ್ಬಿನ ನಾಡಿನಲ್ಲಿ, ಗಾಣದ ಮನೆಯ ವಾಸನೆ ಊರಿಗೇ ಹಬ್ಬುವಲ್ಲಿ, ಒಂಬತ್ತರ ಪೋರಿ ಬೆಲ್ಲ ಬಿಡುವುದೆಂದರೆ! ಹೋಳಿಗೆ ತಟ್ಟಿ ಮಂದಿಗೆ ಬಡಿಸಿದಳು, ತಾನು ಮುಟ್ಟಲಿಲ್ಲ. ಗಂಡನ ಮನೆಗೆ ಬಂದಾಗ ಅತ್ತೆ ಬಾಯಿಗೆ ಬೆಲ್ಲ ಇಡಲು ಹೋದರೆ ತುಟಿ ಬಿಗಿದಳು. "ಎಂಥ ಧರ್ಮಿಷ್ಠೆ" ಎಂದು ಗಂಡನ ಊರು ಸದಲಗಾದ ಸಮಾಜವೆಲ್ಲ ಹೊಗಳಿತು. ಹೊಗಳಿದಾಗೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು. ಅದೂ ವಿನಯ ಅಂದರು.

ಈಗ ಒಂದೂವರೆ ತಿಂಗಳ ಹಿಂದಿನ ಮಾತು. ಚಿಕ್ಕೋಡಿಯಲ್ಲಿ ಕಾಲೇಜಿನ ಓಟದ ಪಂದ್ಯದಲ್ಲಿ ಪ್ರಾಜಕ್ತಾ ಐದು ಕಿಲೋಮೀಟರ್ ಓಡಿ ಎರಡನೇ ಬಹುಮಾನ ಹೊಡೆದಳು. ಮರುದಿನ ತೊಡೆ ಕಲ್ಲಾಯಿತು, ಮೂತ್ರ ಕಪ್ಪಾಯಿತು. ಅಲ್ಲಿಯ ಖಾಸಗಿ ದವಾಖಾನೆಯಲ್ಲಿ ನಾಲ್ಕು ದಿನ ಸಲೈನ್ ಹಾಕಿದರು. ಡಾಕ್ಟರ್ ಶುಭಾಂಗಿ ಅಂತ ಒಬ್ಬಳು, ಚಿಕ್ಕ ವಯಸ್ಸಿನವಳು. ರಕ್ತ ತೆಗೆದು ಜೀನು ಓದಿಸಲಿಕ್ಕೆ ಬೆಂಗಳೂರಿಗೆ ಕಳಿಸಿದಳು. ಆಮೇಲೆ ಒಂದು ಹಾಳೆಯ ಮೇಲೆ ಮನೆಯವರನ್ನೆಲ್ಲ ಬರೆದಳು. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು. ಶ್ರೀಪಾಲನ ಚೌಕಕ್ಕೂ ಪದ್ಮಜಾಳ ದುಂಡಿಗೂ ನಡುವೆ ಎರಡು ಗೆರೆ ಎಳೆದಳು. ಪದ್ಮಜಾ ಸೋನಾಬಾಯಿಯ ಅಣ್ಣ ಬಾಹುಬಲಿಯ ಮಗಳು. ಹೊರಗಿನ ಹುಡುಗಿ ಯಾಕೆ, ನಮ್ಮ ರಕ್ತ ನಮ್ಮ ಮನೆಗೇ ಬರಲಿ ಎಂದು ಹಟ ಹಿಡಿದು ತಂದುಕೊಂಡವಳು ಸೋನಾಬಾಯಿಯೇ. ರಕ್ತದಲ್ಲಿ ಒಂದೇ ಮನೆ ಅಂತ ತೋರಿಸಲು ಎರಡು ಗೆರೆ ಎಂದಳು ಡಾಕ್ಟರ್.

"ಮನ್ಯಾಗ ಯಾರಿಗರೆ ಹಿಂಗ ಕರೀ ಮೂತ್ರ ಆಗಿತ್ತೇನ್ರಿ? ಸಣ್ಣ ವಯಸ್ಸಿನ್ಯಾಗ ಯಾರರೆ ತೀರಕೊಂಡಾರ?"

"ಇಲ್ರಿ," ಎಂದಿದ್ದಳು ಸೋನಾಬಾಯಿ. ಕೇಳಿದ್ದು ಜಡ್ಡಿನ ಮಾತು. ಜಿನಮತಿಗೆ ಎಲ್ಲಿಯ ಜಡ್ಡು? ಅವಳದು ತಪಸ್ಸು. ದೇವರ ಮುಂದೆ ಇಡುವ ದೀಪವನ್ನು ಯಾರಾದರೂ ದವಾಖಾನೆಯ ಟೇಬಲ್ಲಿನ ಮೇಲೆ ಇಡುತ್ತಾರೆಯೇ? ಶ್ರೀಪಾಲನೂ ಸುಮ್ಮನಿದ್ದ, ಪದ್ಮಜಾಳೂ ಸುಮ್ಮನಿದ್ದಳು. ಅವರಿಗೂ ಅದು ಲೆಕ್ಕಕ್ಕೆ ಬರುವ ಸಾವು ಅನಿಸಿರಲಿಲ್ಲ.

"ರಿಪೋರ್ಟ್ ಬರೋತನಕ ಓಡಬಾರದು, ಹಸದಿರಬಾರದು," ಎಂದು ಡಾಕ್ಟರ್ ಹೇಳಿ ಕಳಿಸಿದ್ದಳು. ಪರ್ವ ಬಂದಾಗ ಹುಡುಗಿ ಬಸದಿಯಲ್ಲಿದ್ದ ಸನ್ಯಾಸಿನಿ ಮಾತಾಜಿಯ ಮುಂದೆ ಮೂರು ದಿನದ ನೇಮ ಹಿಡಿಯುತ್ತೇನೆಂದು ಹಟ ಮಾಡಿದಳು. ಶ್ರೀಪಾಲ ಅಡ್ಡಿ ಮಾಡಿದ. ಆಗ ಬಾಯಿ ಹಾಕಿದವಳು ಯಾರು? ಮತ್ತೆ ಈ ಮಹಾತಾಯಿಯೇ. "ಹಸಿವು ಬ್ಯಾರೆ, ಉಪವಾಸ ಬ್ಯಾರೆ. ಹಸಿವು ಬಡವರಿಗೆ ಬರತೈತಿ, ಉಪವಾಸ ನಾವು ಕರಕೊಂಡು ಬರೂದು. ಮೂರ ದಿನ. ನಾ ಕಾವಲ ಇರತೀನಿ."

ಮಾಡಿದ್ದುಣ್ಣೋ ಮಹಾರಾಯ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುವವಳು ಇನ್ನೊಬ್ಬಳು. ಉಣ್ಣುವುದೆಲ್ಲಿ ಬಂತು, ಉಣ್ಣದೆ ಮಲಗಿದ್ದಾಳೆ. ಇದನ್ನು ಯೋಚಿಸುತ್ತ ಸೋನಾಬಾಯಿ ಹಿತ್ತಲಿನ ಬಾಗಿಲಿಗೆ ಹೋದಳು, ಮತ್ತೆ ಬಂದಳು. ಹುಡುಗಿಯ ಕೋಣೆಯಲ್ಲಿ ಇಣುಕಿದಳು. ಪ್ರಾಜಕ್ತಾ ಚಾಪೆಯ ಮೇಲೆ ಕಾಲು ಮಡಚಲಾಗದೆ ಉದ್ದಕ್ಕೆ ಚಾಚಿಕೊಂಡು ತುಟಿಯಲ್ಲೇ ಮಂತ್ರ ಹೇಳುತ್ತಿದ್ದಳು. ಇನ್ನೊಂದೇ ರಾತ್ರಿ, ಬೆಳಗಾದರೆ ಪಾರಣೆ ಎಂದು ಮುದುಕಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನ ಹೊಸಿಲು ದಾಟುವಷ್ಟರಲ್ಲಿ ಕರಗಿತು.

ಹನ್ನೊಂದು ಗಂಟೆಗೆ ಮನೆಯ ಫೋನು ಹೊಡೆದುಕೊಂಡಿತು.

"ಅಜ್ಜಿ, ನಾ ಶುಭಾಂಗಿ, ಚಿಕ್ಕೋಡಿಯಿಂದ. ಶ್ರೀಪಾಲ ಅವರ ಫೋನ್ ಹತ್ತವಲ್ದು. ರಿಪೋರ್ಟ್ ಬಂದೈತಿ. ಕೊಬ್ಬು ಉರಿಸೋ ಕೆಲಸದ ಜೀನ್ ಒಂದೈತಿ, ಅದರಾಗ ಒಂದು ಅಕ್ಷರ ಬದಲಾಗೈತಿ. ಅಪ್ಪನ ಕಡೆಯಿಂದ ಬಂದದ್ದೂ ಅದ, ಅವ್ವನ ಕಡೆಯಿಂದ ಬಂದದ್ದೂ ಅದ. ಆದ್ರ ಲ್ಯಾಬಿನವರು 'ಅರ್ಥ ಖಚಿತ ಇಲ್ಲ' ಅಂತ ಬರದಾರ."

"ಹಂಗಂದ್ರ?"

"ಹಂಗಂದ್ರ ಈ ಬದಲಾವಣೆ ಅವರ ಪಟ್ಟ್ಯಾಗ ಎಲ್ಲೂ ಇಲ್ಲ. ಪಟ್ಟ್ಯಾಗ ಇರೋರು ಬಾಳ ಮಂದಿ ದೂರದ ದೇಶದವರು. ನಮ್ಮ ಸದಲಗಾ, ಅಥಣಿಯವರ ರಕ್ತ ಯಾರು ಓದ್ಯಾರ? ಜಡ್ಡಿಗೆ ಇದ ಕಾರಣ ಅಂತ ಹೇಳಾಕ ಮನಿತನದಾಗ ಇನ್ನೊಬ್ಬರಿಗೆ ಹಿಂಗ ಆಗಿತ್ತು ಅನ್ನೋದು ಗೊತ್ತಾದ್ರ ದೊಡ್ಡ ಆಧಾರ. ಅವತ್ತ ಕೇಳಿದ್ದೆ, ನೀವು ಇಲ್ಲ ಅಂದ್ರಿ. ಇನ್ನೊಮ್ಮೆ ನೆನಪ ಮಾಡಕೋರಿ." ಹಾಗೆಯೇ ಕೇಳಿದಳು, "ಹುಡುಗಿ ಹೆಂಗದಾಳ? ಊಟ ಬರೋಬರಿ ಮಾಡಾಕತ್ತಾಳಲ್ಲ?"

ಸೋನಾಬಾಯಿ ಹುಡುಗಿಯ ಕೋಣೆಯ ಕಡೆ ನೋಡಿದಳು.

"ಅಜ್ಜಿ?"

"ಉಪವಾಸ ಅದಾಳ್ರಿ. ಮೂರನೇ ದಿನ."

ಡಾಕ್ಟರ್ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಿಮ್ಮ ಕಡೆ ಗಾಣದ ಒಲಿಗೆ ಸಿಪ್ಪಿ ಹಾಕತಾರಲ್ಲ, ಹಂಗ ಮೈಗೆ ಮೊದಲು ಸಕ್ಕರಿ ಉರೀತೈತಿ. ಅದು ತೀರಿದ ಮ್ಯಾಲೆ ನಿಮ್ಮ ಮೈ, ನನ್ನ ಮೈ ಕೊಬ್ಬು ಉರಿಸತಾವ. ಈ ಹುಡುಗೀಗೆ ಆ ಕೊಬ್ಬಿನ ಕೋಣಿ ಬಾಗಲ ತಗಿಯಂಗಿಲ್ಲ. ಒಲಿ ಆರಬಾರದಂತ ಮೈಯೇ ಮನಿ ತೊಲಿ ಕಿತ್ತು ಹಾಕತೈತಿ. ಸ್ನಾಯು ಕರಗಿ ಮೂತ್ರದಾಗ ಕರ್‍ರಗ ಬರತೈತಿ, ಕಿಡ್ನಿ ಕೆಡಸತೈತಿ. ಈಗಿಂದೀಗ ಏನರೆ ಸಿಹಿ ಕುಡಸ್ರಿ, ಗಾಡಿ ಮಾಡಕೊಂಡು ಬರ್ರಿ. ನಾಳೆ ಅಲ್ಲ. ಸಂಜಿಗೂ ಅಲ್ಲ."

ಫೋನು ಇಟ್ಟ ಮೇಲೆ ಸೋನಾಬಾಯಿ ಗೋಡೆಗೆ ಆತು ನಿಂತಳು. ಕರಗಿ ಕರ್‍ರಗೆ ಬರುತ್ತದೆ. ಅದೇ ಮಾತು, ಅದೇ ಬಣ್ಣ. ಅರವತ್ತೆರಡು ವರ್ಷ ಅವಳು ಹೇಳಿದ ಕತೆಯನ್ನು ಈ ಹುಡುಗಿ ಡಾಕ್ಟರ್ ಬೇರೆ ಕಡೆಯಿಂದ ಹೇಳಿ ಮುಗಿಸಿದ್ದಳು. ಬಸದಿಯಲ್ಲಿ ಅಭಿಷೇಕದ ಗಂಟೆ ಬಾರಿಸತೊಡಗಿತು. ಮನೆಯಲ್ಲಿ ಅವರಿಬ್ಬರೇ. ಅಕ್ಕ ತೀರಿಕೊಂಡ ದಿನವೂ ಹೀಗೇ ಇತ್ತು, ಎಲ್ಲರೂ ಬಸದಿಗೆ ಹೋಗಿದ್ದರು. ಅವಳಿಗೆ ಭಯವಾಯಿತು. ಹುಡುಗಿ ಸತ್ತರೆ ಎಂಬ ಭಯ. ಅದರ ಹಿಂದೆಯೇ, ನಾಚಿಕೆಗೇಡು ಅನಿಸಿದರೂ, ಇನ್ನೊಂದು ಭಯ: ಅಕ್ಕ ಬರೀ ಜಡ್ಡಿನಿಂದ ಸತ್ತಿದ್ದರೆ ತಾನು ಏನು ಮಾಡಿದಂತಾಯಿತು?

ಅಡಿಗೆಮನೆಗೆ ಹೋಗಿ ಬೆಲ್ಲದ ಡಬ್ಬಿ ತೆಗೆದಳು. ಒಂದು ಹೆಂಟೆ ಲೋಟದಲ್ಲಿ ಹಾಕಿ, ಕಾಯಿಸಿ ಆರಿಸಿದ ನೀರು ಸುರಿದು ಬೆರಳಿನಿಂದಲೇ ಕದಡಿದಳು. ಚಮಚ ಹುಡುಕುವಷ್ಟು ತಾಳ್ಮೆ ಇರಲಿಲ್ಲ. ಬೆರಳನ್ನು ನೆಕ್ಕದೆ ಸೆರಗಿಗೆ ಒರೆಸಿಕೊಂಡಳು, ಚಟ ಬಿಡುವುದಿಲ್ಲ. ಇನ್ನೊಂದು ಚೂರು ಅಂಗೈಯಲ್ಲಿ ಹಿಡಿದು ಕೋಣೆಗೆ ಬಂದಳು.

"ಏಳ ಬೇ, ಇದನ್ನ ಕುಡಿ. ಡಾಕ್ಟರ್ ಬಾಯಿ ಫೋನ್ ಮಾಡಿದ್ದಳು."

ಪ್ರಾಜಕ್ತಾ ಲೋಟ ನೋಡಿದಳು, ಅಜ್ಜಿಯನ್ನು ನೋಡಿದಳು. ನಕ್ಕಳು. "ಆಯಿ, ಚೇಷ್ಟಾ ಮಾಡಾಕತ್ತೀಯೇನ? ನಾಳೆ ಪಾರಣಿ. ಒಂದ ರಾತ್ರಿ ಉಳದೈತಿ."

"ಆ ರಾತ್ರಿ ನಿನಗ ಇಲ್ಲ. ಕುಡಿ."

"ಮಾತಾಜಿ ಮುಂದ ನೇಮ ಹಿಡದೀನಿ. ನೇಮ ಮುರದ್ರ ಪಾಪ ಅಂತ ನೀನ ಹೇಳೀಯಲ್ಲ? ಜಿನಮತಿ ಆಯಿಗೂ ಕಾಲು ನೋಯತಿದ್ವು, ಆಕಿ ಒಂದ ಮಾತು ಅನಲಿಲ್ಲ, ಒಂದ ಹನಿ ಕೇಳಲಿಲ್ಲ ಅಂತ ನೀನ ಹೇಳೀಯಲ್ಲ?" ಹುಡುಗಿ ಲೋಟವನ್ನು ಆಚೆ ಸರಿಸಿದಳು. "ನಾ ಆಕಿಗಿಂತ ಕಡಿಮೇನ? ಆಕಿ ಏಳು ದಿನ, ನಂದು ಮೂರ ದಿನ!"

ಸೋನಾಬಾಯಿ ನೆಲಕ್ಕೆ ಕುಸಿದು ಕೂತಳು. ಬೆಳಗಿನಿಂದ ಇದೇ ಮೊದಲ ಸಲ ಕೂತದ್ದು.

"ಕೇಳಿದ್ದಳು," ಎಂದಳು.

"ಏನ?"

"ಬೆಲ್ಲ ಕೇಳಿದ್ದಳು. ಏಳನೇ ದಿನ ಮಧ್ಯಾಹ್ನ. ಎಲ್ಲಾರೂ ಬಸದ್ಯಾಗ ಇದ್ರು, ನನ್ನ ಕಾವಲ ಇಟ್ಟಿದ್ರು. 'ಸೋನಿ, ತೊಡಿ ಹರದು ಹೊಂಟಾವ. ಒಂದ ಚೂರು ಬೆಲ್ಲ ಕೊಡ' ಅಂದಳು. ನಾ ಕೊಡಲಿಲ್ಲ. 'ನೇಮ ಮುರದ್ರ ಪಾಪ ಬರತೈತಿ' ಅಂದೆ. ಒಂಬತ್ತು ವರ್ಷದಾಕಿ ನಾನು, ಬಾಳ ಶ್ಯಾಣ್ಯಾ ಆಗಿದ್ದೆ! ಆಕಿ ತೆವಳಿಕೋತ ಅಡಗಿಮನಿಗೆ ಬಂದಳು. ನಾ ಸ್ಟೂಲ ಹತ್ತಿ ಬೆಲ್ಲದ ಗಡಗಿ ಮ್ಯಾಲಿನ ಗ್ವಾಡಿ ಮಾಡದಾಗ ಸರಸಿದೆ. ಆಕೀಗೆ ಎದ್ದ ನಿಲ್ಲಾಕ ಆಗಲಿಲ್ಲ. ಅಲ್ಲೇ ನೆಲದ ಮ್ಯಾಲೆ ಮಲಗಿ ನನ್ನ ನೋಡಿಕೋತ ಇದ್ದಳು. ಸಂಜೀಮುಂದ ಹೋದಳು."

ಪ್ರಾಜಕ್ತಾ ಗೋಡೆ ಹಿಡಿದು ಎದ್ದು ಕೂತಳು.

"ಆ ಮುದುಕಿ ಕರ್ಮ ಕರಗಿತು ಅಂದಳಲ್ಲ, ನನಗ ಜೀವ ಬಂದಂಗಾತು. ಕರ್ಮ ಕರಗಿದ್ದು ಖರೇ ಆದ್ರ ನಾ ಮಾಡಿದ್ದು ಪುಣ್ಯ ಆತಲ್ಲ? ಅದಕ್ಕ ಆ ಕತಿ ಹೇಳಿದೆ. ಹೇಳೇ ಹೇಳಿದೆ. ನನಗ ನಂಬಿಕಿ ಬರೋತನಕ ಹೇಳಿದೆ. ಬೆಲ್ಲ ಬಿಟ್ಟದ್ದು ಧರ್ಮಕ್ಕಲ್ಲ ಬೇ. ಆಕೀಗೆ ಕೊಡದ್ದನ್ನ ನಾ ಹೆಂಗ ತಿನ್ನಲಿ ಅಂತ ಬಿಟ್ಟೆ."

"ಸುಳ್ಳು," ಎಂದಳು ಪ್ರಾಜಕ್ತಾ. ಆದರೆ ಅವಳ ದನಿಯಲ್ಲಿ ಬಲವಿರಲಿಲ್ಲ. ತುಟಿ ಬಿಗಿದೇ ಇತ್ತು.

ಮುದುಕಿ ಅಂಗೈ ಬಿಡಿಸಿದಳು. ಬೆಲ್ಲದ ಚೂರು ಬೆವರಿಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಅದನ್ನು ಬಾಯಿಗೆ ಇಟ್ಟುಕೊಂಡಳು. ಅರವತ್ತೆರಡು ವರ್ಷದ ನಂತರ ಅದು ಸಿಹಿಯಾಗಿಯೇ ಇತ್ತು, ಹಾಳಾದ್ದು, ಸ್ವಲ್ಪವೂ ಬದಲಾಗಿರಲಿಲ್ಲ. ಅವಳು ಅಗಿದಳು, ನುಂಗಿದಳು, ಕಣ್ಣಿನಿಂದ ದಳದಳ ನೀರು ಇಳಿಯಿತು.

"ನೋಡಿದೆಲ್ಲ. ನನ್ನ ನೇಮ ನಾ ಮುರದೆ. ನಿನ್ನ ಪಾಪನೂ ನನಗ ಇರಲಿ, ನನ್ನ ಹತ್ರ ಜಾಗಾ ಬಾಳ ಐತಿ. ಈಗ ಬಾಯಿ ತಗಿ."

ಪ್ರಾಜಕ್ತಾ ಎರಡೂ ಕೈಯಿಂದ ಲೋಟ ಹಿಡಿದು ಕುಡಿದಳು. ಅರ್ಧಕ್ಕೆ ನಿಲ್ಲಿಸಿ ಬಿಕ್ಕಿದಳು, ಮತ್ತೆ ಕುಡಿದಳು. ಸೋನಾಬಾಯಿ ಲೋಟದ ತಳ ಎತ್ತಿ ಹಿಡಿದಳು, ಒಂದು ಹನಿಯೂ ಉಳಿಯದ ಹಾಗೆ.

ಆಮೇಲಿನದು ಗಡಿಬಿಡಿ. ಪಕ್ಕದ ಮನೆಯ ಸಂಗ್ರಾಮ ತನ್ನ ಕಾರು ತೆಗೆದ. ಬಸದಿಯಿಂದ ಪದ್ಮಜಾ ಹಣೆಯ ಗಂಧ ಆರುವ ಮೊದಲೇ ಓಡಿ ಬಂದಳು. ದಾರಿಯುದ್ದಕ್ಕೂ ಸೋನಾಬಾಯಿ ಮೊಮ್ಮಗಳ ತೊಡೆ ತಿಕ್ಕುತ್ತಲೇ ಇದ್ದಳು. ತಿಕ್ಕಬೇಡ ಆಯಿ, ನೋಯುತ್ತದೆ ಎಂದರೂ ಕೈ ಕೇಳಲಿಲ್ಲ. ಚಿಕ್ಕೋಡಿ ಇಷ್ಟು ದೂರ ಯಾವಾಗ ಹೋಯಿತು ಎಂದು ಸಂಗ್ರಾಮನನ್ನೇ ಬೈದಳು. ಪಾಪ, ಅವನೇನು ಊರನ್ನು ದೂಡಿದ್ದನೇ?

ಮಧ್ಯಾಹ್ನ ಮೂರರ ಹೊತ್ತಿಗೆ ಎರಡು ಬಾಟಲಿ ಸಲೈನ್ ಇಳಿದು ಮೂತ್ರದ ಬಣ್ಣ ತಿಳಿಯಾಗತೊಡಗಿತ್ತು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಆದರೆ ಚೇತರಿಸಿಕೊಳ್ಳುತ್ತದೆ ಎಂದಳು ಶುಭಾಂಗಿ. ಶ್ರೀಪಾಲ ನಿಪ್ಪಾಣಿಯಿಂದ ನೇರ ಬಂದಿದ್ದ. ತಾಯಿಯ ಕಡೆ ನೋಡದೆ ಮಗಳ ತಲೆ ನೇವರಿಸುತ್ತ ನಿಂತಿದ್ದ. ಅವನು ಬೈದಿದ್ದರೆ ಸೋನಾಬಾಯಿಗೆ ಹಗುರಾಗುತ್ತಿತ್ತು.

ಅವಳೇ ಎದ್ದು ಶುಭಾಂಗಿಯ ಟೇಬಲ್ಲಿಗೆ ಹೋದಳು. "ಆ ಚೌಕ, ದುಂಡಿನ ಹಾಳಿ ತಗೀರಿ. ಒಂದ ದುಂಡು ಕಡಿಮಿ ಐತಿ."

ಶುಭಾಂಗಿ ಫೈಲು ತೆರೆದಳು. ಸೋನಾಬಾಯಿಯ ದುಂಡಿನ ಪಕ್ಕದಲ್ಲಿ, ಬಾಹುಬಲಿಯ ಚೌಕಕ್ಕಿಂತ ಮೊದಲು, ಒಂದು ಹೊಸ ದುಂಡು ಬರೆದಳು. ಮುದುಕಿ ಹೇಳುತ್ತ ಹೋದಳು: ಹದಿನಾರು ವರ್ಷ, ಎಂಟು ದಿನದ ನೇಮ, ಆರನೇ ದಿನ ಕಪ್ಪು, ಏಳನೇ ದಿನ ಸಂಜೆ. ಪದ್ಮಜಾ, ಶ್ರೀಪಾಲ ಇಬ್ಬರೂ ಬಾಗಿಲಲ್ಲಿ ನಿಂತು ಕೇಳಿದರು. ಡಾಕ್ಟರ್ ದುಂಡಿನ ಒಳಗೆ ಪೆನ್ನಿನಿಂದ ಕಪ್ಪು ತುಂಬಿದಳು, ಮೇಲೊಂದು ಓರೆ ಗೆರೆ ಎಳೆದಳು.

"ಕರೀದು ಯಾಕ್ರಿ?"

"ಜಡ್ಡು ಇತ್ತು ಅಂತ. ಗೆರಿ ಅಂದ್ರ ತೀರಕೊಂಡಾರ ಅಂತ." ಶುಭಾಂಗಿ ಪೆನ್ನು ಕೆಳಗಿಟ್ಟಳು. "ಅಜ್ಜಿ, ಇದೊಂದರ ಮ್ಯಾಲೆ ಎಲ್ಲಾ ತೀರ್ಮಾನ ಆಗಂಗಿಲ್ಲ, ಇನ್ನೂ ಪರೀಕ್ಷೆ ಮಾಡಬೇಕು. ಆದ್ರ ಬೆಂಗಳೂರಿನವರಿಗೆ ಗೊತ್ತಿಲ್ಲದ್ದನ್ನ ನೀವು ಹೇಳಿದ್ರಿ. ಈಗ ಕಾಗವಾಡದಾಗ ಓದೋ ನಿಮ್ಮ ಮೊಮ್ಮಗ ನಿತಿನಂದು, ನಿಮ್ಮ ಅಣ್ಣನ ಮಕ್ಕಳದು, ಎಲ್ಲಾರ ರಕ್ತ ನೋಡೂಣು. ನಿಮ್ಮದೂ. ನಿಮ್ಮ ಹತ್ರ ಆ ಬದಲಾದ ಅಕ್ಷರದ್ದು ಒಂದ ಪ್ರತಿ ಇರಬೇಕು, ಅದಕ್ಕ ನಿಮಗ ಉಪವಾಸ ತಡೀತು. ನಿಮ್ಮ ಅಕ್ಕಗ ಎರಡೂ ಇದ್ದಿರಬೇಕು."

ಸೋನಾಬಾಯಿ ಕಪ್ಪು ದುಂಡನ್ನೇ ನೋಡುತ್ತಿದ್ದಳು. ಬೆಳಗಿನಿಂದ ಅದುಮಿಟ್ಟ ಮಾತು ಕೊನೆಗೂ ಬಾಯಿಗೆ ಬಂತು.

"ಒಂದ ಚೂರು ಬೆಲ್ಲ ಕೊಟ್ಟಿದ್ರ ಉಳೀತಿದ್ದಳೇನ್ರಿ?"

ಸುಳ್ಳು ಹೇಳಿ ಮುದುಕಿಯನ್ನು ಕಳಿಸಬಹುದಿತ್ತು. ಶುಭಾಂಗಿ ಹಾಗೆ ಮಾಡಲಿಲ್ಲ. "ಏಳನೇ ದಿನ ಬಾಳ ತಡಾ ಆಗಿತ್ತು. ಒಂದ ಚೂರಿಗೆ ಉಳೀತಿದ್ದಿಲ್ಲ ಅಂತ ಅನಸತೈತಿ. ಆದ್ರ ನನಗ ಗೊತ್ತಿಲ್ರಿ ಅಜ್ಜಿ. ಉಳದ್ರೂ ಉಳೀತಿದ್ರು."

ಸೋನಾಬಾಯಿ ತಲೆ ಆಡಿಸಿದಳು. ಅವಳಿಗೆ ಬೇಕಾಗಿದ್ದದ್ದು ಇಂಥ ಉತ್ತರವೇ, ಹೊಗಳಿಕೆ ಸಾಕಾಗಿತ್ತು. ಹಾಳೆಯನ್ನು ಶುಭಾಂಗಿಯ ಕಡೆ ಮತ್ತೆ ಸರಿಸಿದಳು.

"ಹಂಗಾರ ಅದನ್ನೂ ಬರೀರಿ."

"ಏನಂತ ಬರೀಲಿ?"

"ಜಿನಮತಿ ಅಂತ ಹೆಸರು ಹಾಕ್ರಿ. ಅದರ ತೆಳಗ, ಬೆಲ್ಲ ಕೇಳಿದ್ದಳು ಅಂತ ಬರೀರಿ."

ಶುಭಾಂಗಿ ಕಪ್ಪು ದುಂಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಗೆಯೇ ಬರೆದಳು. ಸೋನಾಬಾಯಿ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿಕೊಂಡಳು. ಆಮೇಲೆ ರಕ್ತ ತೆಗೆಯಲೆಂದು ಸೆರಗು ಸರಿಸಿ ಕೈ ಚಾಚಿದಳು.